ಇಎಸ್‌ಐ ಟಿಡಿಬಿ: ಮನೆಯಲ್ಲಿದ್ದವರಿಗೆ ಆಸರೆ, ಲೈಟ್ ಡ್ಯೂಟಿಗೆ ಬಂದವರಿಗೆ ಬರಿಗೈ

ಕೆಲಸದ ವೇಳೆಯಲ್ಲಿ ಗಾಯಗೊಂಡ ಕಾರ್ಮಿಕರಿಗೆ ನೌಕರರ ರಾಜ್ಯ ವಿಮಾ (ಇಎಸ್‌ಐ) ನಿಗಮವು ಕೊಡುವ ತಾತ್ಕಾಲಿಕ ಅಂಗವಿಕಲತೆ ಸೌಲಭ್ಯವನ್ನು ಕುರಿತ ವಿಮರ್ಶೆ ಇದು. ಕಾರ್ಖಾನೆಗಳ ಟೈಮ್ ಆಫೀಸಿನಲ್ಲಿಯೂ ಇಎಸ್‌ಐ ಶಾಖಾ ಕಚೇರಿಯಲ್ಲಿಯೂ ಎಲ್ಲರೂ ಇದನ್ನು ಟಿಡಿಬಿ ಎಂದೇ ಕರೆಯುವುದರಿಂದ ನಾನೂ ಹಾಗೆಯೇ ಬರೆಯುತ್ತೇನೆ. ಪೀಣ್ಯ ಕೈಗಾರಿಕಾ ಪ್ರದೇಶದ ಇಂಜಿನಿಯರಿಂಗ್ ಘಟಕಗಳ ಸಿಬ್ಬಂದಿ ವಿಭಾಗದಲ್ಲಿ ಅನೇಕ ವರ್ಷಗಳಿಂದ ದುಡಿಯುತ್ತಿರುವ ನನಗೆ ಗಾಯಾಳುಗಳ ಕಾಗದಪತ್ರ ಸಿದ್ಧಪಡಿಸುವುದು, ಅವರನ್ನು ಇಎಸ್‌ಐ ಡಿಸ್ಪೆನ್ಸರಿಗೆ ಕಳುಹಿಸುವುದು, ಹಣ ಖಾತೆಗೆ ಜಮೆಯಾಗುವವರೆಗೆ ಬೆನ್ನುಹತ್ತುವುದು ನಿತ್ಯದ ಕೆಲಸ. ಈ ಸೌಲಭ್ಯ ಎಲ್ಲಿ ಕೈಹಿಡಿಯುತ್ತದೆ, ಎಲ್ಲಿ ಕೈಬಿಡುತ್ತದೆ ಎಂಬುದನ್ನು ಹತ್ತಿರದಿಂದ ಕಂಡಿದ್ದೇನೆ. ಕೈಬಿಡುವ ಜಾಗ ಒಂದೇ, ಮತ್ತು ಅದು ಬಹುತೇಕ ಪ್ರತಿಯೊಬ್ಬ ಗಾಯಾಳುವೂ ಹಾದುಹೋಗುವ ಜಾಗ: ಗಾಯ ಪೂರ್ತಿ ಮಾಯುವ ಮೊದಲೇ ಕಾರ್ಖಾನೆಗೆ ಮರಳಿ ಲೈಟ್ ಡ್ಯೂಟಿ, ಅಂದರೆ ಹಗುರ ಕೆಲಸ, ಮಾಡುವ ವಾರಗಳು.

ಒಳ್ಳೆಯದನ್ನು ಮೊದಲು ಹೇಳಬೇಕು, ಏಕೆಂದರೆ ಅದು ನಿಜವಾಗಿಯೂ ಒಳ್ಳೆಯದು. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಪಡೆಯುವ ಕಾರ್ಮಿಕ ಇಎಸ್‌ಐ ವ್ಯಾಪ್ತಿಗೆ ಬರುತ್ತಾನೆ. ಆತನ ಸಂಬಳದಿಂದ ಕಡಿತವಾಗುವುದು ಶೇಕಡಾ 0.75, ಮಾಲೀಕರು ಸೇರಿಸುವುದು ಶೇಕಡಾ 3.25. ಇಷ್ಟು ಸಣ್ಣ ವಂತಿಗೆಗೆ ಪ್ರತಿಯಾಗಿ, ಕೆಲಸದಿಂದ ಉಂಟಾದ ಗಾಯಕ್ಕೆ ಸರಾಸರಿ ದಿನಗೂಲಿಯ ಶೇಕಡಾ 90ರಷ್ಟು ಹಣ, ಚಿಕಿತ್ಸೆ ಮುಗಿದು ವೈದ್ಯರು ಕೆಲಸಕ್ಕೆ ಯೋಗ್ಯನೆಂದು ಬರೆದುಕೊಡುವವರೆಗೂ ಬರುತ್ತದೆ. ಇಷ್ಟೇ ದಿನ ಎಂಬ ಮಿತಿ ಇಲ್ಲ. ಭಾನುವಾರವೂ ಲೆಕ್ಕಕ್ಕೆ ಸೇರುತ್ತದೆ. ಮಾಮೂಲಿ ಕಾಯಿಲೆಗೆ ಸಿಗುವ ಸೌಲಭ್ಯದೊಂದಿಗೆ ಹೋಲಿಸಿದರೆ ಇದರ ಉದಾರತೆ ಗೊತ್ತಾಗುತ್ತದೆ: ಜ್ವರಕ್ಕೋ ಕಾಮಾಲೆಗೋ ಸಿಗುವುದು ಶೇಕಡಾ 70, ಅದೂ ವರ್ಷಕ್ಕೆ 91 ದಿನಗಳವರೆಗೆ ಮಾತ್ರ, ಅದಕ್ಕೂ ಮುಂಚೆ ಆರು ತಿಂಗಳ ವಂತಿಗೆ ಅವಧಿಯಲ್ಲಿ ಕನಿಷ್ಠ 78 ದಿನಗಳ ವಂತಿಗೆ ತುಂಬಿರಬೇಕು. ಟಿಡಿಬಿಗೆ ಅಂಥ ಷರತ್ತೇ ಇಲ್ಲ. ಬೆಳಗ್ಗೆ ಕೆಲಸಕ್ಕೆ ಸೇರಿದ ಹುಡುಗ ಅದೇ ಮಧ್ಯಾಹ್ನ ಯಂತ್ರಕ್ಕೆ ಕೈ ಸಿಕ್ಕಿಸಿಕೊಂಡರೂ ಅವನಿಗೆ ಹಕ್ಕಿದೆ. ಮಾಲೀಕರು ವಂತಿಗೆ ಕಟ್ಟದೆ ಬಾಕಿ ಉಳಿಸಿಕೊಂಡಿದ್ದರೂ ನಿಗಮವು ಕಾರ್ಮಿಕನಿಗೆ ಹಣ ಕೊಟ್ಟು, ಆಮೇಲೆ ಅದನ್ನು ಮಾಲೀಕರಿಂದ ವಸೂಲು ಮಾಡಿಕೊಳ್ಳಲು ಇಎಸ್‌ಐ ಕಾಯ್ದೆಯ 68ನೇ ಕಲಂ ಅವಕಾಶ ಕೊಟ್ಟಿದೆ. 2010ರ ತಿದ್ದುಪಡಿಯ ನಂತರ ಮನೆಯಿಂದ ಕಾರ್ಖಾನೆಗೆ ಬರುವ, ಕಾರ್ಖಾನೆಯಿಂದ ಮನೆಗೆ ಮರಳುವ ದಾರಿಯ ಅಪಘಾತವೂ, ಕೆಲಸದೊಂದಿಗೆ ಅದರ ಸಂಬಂಧ ತೋರಿಸಬಹುದಾದರೆ, ಇದರೊಳಗೆ ಬರುತ್ತದೆ. ರಾತ್ರಿ ಪಾಳಿ ಮುಗಿಸಿ ತುಮಕೂರು ರಸ್ತೆಯಲ್ಲಿ ಬೈಕಿನಲ್ಲಿ ಹೋಗುವವರಿಗೆ ಇದರ ಬೆಲೆ ತಿಳಿದಿದೆ.

ಒಂದು ಸಣ್ಣ ಅಡ್ಡಿಯಿದೆ. ಅಪಘಾತದ ದಿನವನ್ನು ಬಿಟ್ಟು ಕನಿಷ್ಠ ಮೂರು ದಿನವಾದರೂ ಕೆಲಸ ಮಾಡಲಾಗದ ಸ್ಥಿತಿ ಇದ್ದರೆ ಮಾತ್ರ ಟಿಡಿಬಿ ಹುಟ್ಟುತ್ತದೆ. ಮೂರು ದಿನ ತುಂಬಿತೆಂದರೆ ಮೊದಲ ದಿನದಿಂದಲೇ ಹಣ ಬರುತ್ತದೆ. ತುಂಬದಿದ್ದರೆ ಏನೂ ಇಲ್ಲ. ಈ ಮೂರು ದಿನದ ಲೆಕ್ಕ ಲೈಟ್ ಡ್ಯೂಟಿಯ ವಿಷಯದಲ್ಲಿ ಎಷ್ಟು ಮುಖ್ಯವಾಗುತ್ತದೆ ಎಂಬುದನ್ನು ಮುಂದೆ ಹೇಳುತ್ತೇನೆ.

ಸೇವೆಯ ಗುಣಮಟ್ಟದ ಬಗ್ಗೆ ಎರಡು ಮಾತು. ಹಣ ಈಗ ನೇರವಾಗಿ ಬ್ಯಾಂಕ್ ಖಾತೆಗೆ ಬರುವುದರಿಂದ ಶಾಖಾ ಕಚೇರಿಯ ಕಿಟಕಿಯ ಮುಂದೆ ಸಾಲುಗಟ್ಟಿ ನಿಲ್ಲುವ ಕಾಲ ಹೋಗಿದೆ. ಅಪಘಾತದ ವರದಿಯಾದ ನಮೂನೆ 12ನ್ನು ಮಾಲೀಕರು ಆನ್‌ಲೈನ್‌ನಲ್ಲೇ ಸಲ್ಲಿಸುತ್ತಾರೆ. ವರದಿ 24 ಗಂಟೆಯೊಳಗೆ ಹೋಗಿದ್ದು, ಡಿಸ್ಪೆನ್ಸರಿಯ ವೈದ್ಯರ ಪ್ರಮಾಣಪತ್ರಗಳ ನಡುವೆ ಒಂದು ದಿನದ ತೂತೂ ಇಲ್ಲದಿದ್ದರೆ, ಹಣ ಹೆಚ್ಚು ತಕರಾರಿಲ್ಲದೆ ಬರುತ್ತದೆ. ವರದಿ ತಡವಾದರೆ ಮಾತ್ರ ವಿಚಾರಣೆ, ಸಾಕ್ಷಿಗಳ ಹೇಳಿಕೆ, ಹಾಜರಿ ಪುಸ್ತಕದ ನಕಲು ಎಂದು ತಿಂಗಳುಗಳೇ ಉರುಳುತ್ತವೆ. ಆಧಾರ್‌ನಲ್ಲಿ ಒಂದು ಹೆಸರು, ಬ್ಯಾಂಕಿನಲ್ಲಿ ತಂದೆಯ ಹೆಸರಿನ ಮೊದಲಕ್ಷರ ಸೇರಿದ ಇನ್ನೊಂದು ಹೆಸರು ಇದ್ದ ಕಾರಣಕ್ಕೆ, ಕೈಮುರಿದ ಒಬ್ಬ ವೆಲ್ಡರ್‌ನ ಕಾಗದವನ್ನು ಒಂದು ಶಾಖಾ ಕಚೇರಿಯವರು ಮತ್ತೆ ಮತ್ತೆ ಹಿಂದಿರುಗಿಸಿದ್ದನ್ನು ನೋಡಿ ನನಗೆ ತುಂಬ ನೋವಾಗಿತ್ತು. ಆರಂಭದ ವಾರಗಳಲ್ಲಿ ಪ್ರಮಾಣಪತ್ರಕ್ಕಾಗಿ ವಾರಕ್ಕೊಮ್ಮೆ ಡಿಸ್ಪೆನ್ಸರಿಗೆ ಹೋಗಲೇಬೇಕು. ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡವರಿಗೆ ಆಟೋ ಖರ್ಚೇ ಒಂದು ಹೊರೆ. ಆದರೂ ಇವೆಲ್ಲ ಪರಿಹರಿಸಬಹುದಾದ ತೊಡಕುಗಳು. ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯಲ್ಲಿ ಒಂದು ರೂಪಾಯಿ ಖರ್ಚಿಲ್ಲದೆ ಕೈಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬಂದವರನ್ನು ಕಂಡಿದ್ದೇನೆ. ಆ ಉಪಕಾರವನ್ನು ಮರೆತು ಬರೆಯುವುದು ನ್ಯಾಯವಲ್ಲ.

ಈಗ ಲೈಟ್ ಡ್ಯೂಟಿಗೆ ಬರೋಣ. ನಮ್ಮ ಘಟಕದಲ್ಲಿ ಲೋಹವನ್ನು ಒತ್ತಿ ಆಕಾರ ಕೊಡುವ ಪವರ್ ಪ್ರೆಸ್‌ನ ಆಪರೇಟರ್ ಒಬ್ಬರ ಬಲಗೈ ತೋರುಬೆರಳು ಅದರ ಅಚ್ಚಾದ ಡೈನೊಳಗೆ ಸಿಕ್ಕಿ, ಮೇಲಿನ ಗಂಟಿನವರೆಗೆ ಹೋಯಿತು. ಹೊಲಿಗೆ ಬಿಚ್ಚಿದ ಮೇಲೆ ವೈದ್ಯರು ಇನ್ನೂ ಕೆಲವು ವಾರ ಪ್ರೆಸ್ ಮೇಲೆ ಕೂರಬಾರದು, ಹಗುರ ಕೆಲಸ ಮಾಡಬಹುದು ಎಂದು ಚೀಟಿಯಲ್ಲಿ ಬರೆದರು. ಮನೆಯಲ್ಲಿ ಕೂತು ಬೇಸರವಾಗಿದ್ದ ಅವರು ಮರುದಿನವೇ ಬಂದರು. ಇನ್‌ಸ್ಪೆಕ್ಷನ್ ಮೇಜಿನ ಮುಂದೆ ಕುಳಿತು, ಬ್ಯಾಂಡೇಜ್ ಸುತ್ತಿದ ಬೆರಳನ್ನು ಮೇಲಕ್ಕೆತ್ತಿಕೊಂಡೇ ಎಡಗೈಯಿಂದ ಬುಷ್ ಎಂಬ ಸಣ್ಣ ಬಿಡಿಭಾಗಗಳನ್ನು ಒಂದೊಂದಾಗಿ ಎತ್ತಿ ಅಳತೆಯ ಗೇಜ್‌ಗೆ ತೂರಿಸಿ ನೋಡುತ್ತಿದ್ದರು. ಪೆನ್ನನ್ನು ಹೆಬ್ಬೆರಳು ಮತ್ತು ನಡುಬೆರಳಿನ ನಡುವೆ ಸಿಕ್ಕಿಸಿಕೊಂಡು ರಿಜಿಸ್ಟರಿನಲ್ಲಿ ಸಂಖ್ಯೆ ಬರೆಯುತ್ತಿದ್ದರು. ಎಂಟು ಗಂಟೆಯ ಪಾಳಿ ಪೂರ್ತಿ ಮಾಡುತ್ತಿದ್ದರು. ತಿಂಗಳ ಕೊನೆಗೆ ಸಂಬಳದ ಚೀಟಿ ಹಿಡಿದು ನನ್ನ ಬಳಿ ಬಂದು, ‘ಸಾರ್, ಮನೇಲಿದ್ದಾಗಲೇ ದುಡ್ಡು ಜಾಸ್ತಿ ಬರ್ತಿತ್ತಲ್ಲ, ಇದೇನು ಲೆಕ್ಕ?’ ಎಂದು ಕೇಳಿದರು.

ಲೆಕ್ಕ ಅವರು ಹೇಳಿದಂತೆಯೇ ಇತ್ತು. ಅಂಕಿಗಳನ್ನು ಸ್ವಲ್ಪ ದುಂಡಾಗಿಸಿ ಇಲ್ಲಿ ಕೊಡುತ್ತೇನೆ. ಮೂಲ ವೇತನ, ತುಟ್ಟಿಭತ್ಯೆ, ಉತ್ಪಾದನಾ ಪ್ರೋತ್ಸಾಹಧನ, ರಾತ್ರಿ ಪಾಳಿ ಭತ್ಯೆ, ಓಟಿ (ಹೆಚ್ಚುವರಿ ಗಂಟೆಗಳ ಕೂಲಿ) ಎಲ್ಲ ಸೇರಿ ಅವರು ತಿಂಗಳಿಗೆ ಸರಾಸರಿ 19,500 ರೂಪಾಯಿ ಎತ್ತುತ್ತಿದ್ದರು. ಆಗ ಇಎಸ್‌ಐ ಲೆಕ್ಕದಲ್ಲಿ ಓಟಿಯೂ ಸಂಬಳವೇ ಆಗಿದ್ದರಿಂದ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ವಂತಿಗೆ ಅವಧಿಯ ಒಟ್ಟು 1,17,000 ರೂಪಾಯಿಯನ್ನು 183 ದಿನಗಳಿಂದ ಭಾಗಿಸಿದರೆ ದಿನಕ್ಕೆ ಸುಮಾರು 640 ರೂಪಾಯಿ. ಅದರ ಶೇಕಡಾ 90 ಎಂದರೆ 576. ಮನೆಯಲ್ಲಿದ್ದ 30 ದಿನಕ್ಕೆ ಬಂದ ಹಣ 17,280 ರೂಪಾಯಿ, ಅದರಲ್ಲಿ ಯಾವ ಕಡಿತವೂ ಇಲ್ಲ. ಲೈಟ್ ಡ್ಯೂಟಿಯ ತಿಂಗಳಲ್ಲಿ ಪ್ರೆಸ್ ಓಡಿಸದ ಕಾರಣ ಪ್ರೋತ್ಸಾಹಧನ ಇಲ್ಲ, ವೈದ್ಯರ ಚೀಟಿಯ ಕಾರಣ ರಾತ್ರಿ ಪಾಳಿ ಇಲ್ಲ, ಓಟಿ ಇಲ್ಲ. ಉಳಿದದ್ದು ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 15,000. ಅದರಲ್ಲಿ ಭವಿಷ್ಯನಿಧಿಗೆ 1,800, ಇಎಸ್‌ಐಗೆ 113 ಕಡಿತವಾಗಿ ಕೈಗೆ ಬಂದದ್ದು 13,087. ಭವಿಷ್ಯನಿಧಿ ಅವರದೇ ಉಳಿತಾಯ ಎಂಬುದು ಸರಿ, ಆದರೆ ಆ ತಿಂಗಳ ಬಾಡಿಗೆ ಮತ್ತು ಮಕ್ಕಳ ಶಾಲಾ ಶುಲ್ಕ ಕಟ್ಟುವುದು ಕೈಗೆ ಬಂದ ಹಣದಿಂದಲೇ. ಗಾಯದ ಬೆರಳಿನೊಂದಿಗೆ ದಿನವೂ ಬಂದು ದುಡಿದ ಮನುಷ್ಯನಿಗೆ, ದುಡಿಯದೆ ಮನೆಯಲ್ಲಿದ್ದಾಗ ಬಂದದ್ದಕ್ಕಿಂತ ನಾಲ್ಕು ಸಾವಿರಕ್ಕೂ ಮಿಕ್ಕಿ ಕಡಿತ.

ಈ ನಾಲ್ಕು ಸಾವಿರವನ್ನು ಇಎಸ್‌ಐ ಏಕೆ ತುಂಬಿಕೊಡುವುದಿಲ್ಲ ಎಂಬುದಕ್ಕೆ ಉತ್ತರ ಕಾಯ್ದೆಯ 63ನೇ ಕಲಮಿನಲ್ಲಿದೆ. ಯಾವ ದಿನ ಕಾರ್ಮಿಕ ಕೆಲಸ ಮಾಡುತ್ತಾನೋ, ಅಥವಾ ಸಂಬಳಸಹಿತ ರಜೆಯಲ್ಲಿರುತ್ತಾನೋ, ಆ ದಿನಕ್ಕೆ ಟಿಡಿಬಿ ಇಲ್ಲ ಎಂದು ಅದು ಹೇಳುತ್ತದೆ. ಯಾವ ಕೆಲಸ, ಎಷ್ಟು ಸಂಬಳ, ಮೊದಲಿನದಕ್ಕಿಂತ ಎಷ್ಟು ಕಡಿಮೆ ಎಂಬ ಪ್ರಶ್ನೆಯನ್ನೇ ಅದು ಎತ್ತುವುದಿಲ್ಲ. ಹಾಜರಿ ಹಾಕಿದ ದಿನ ಟಿಡಿಬಿ ಸೊನ್ನೆ, ಹಾಕದ ದಿನ ಶೇಕಡಾ 90; ನಡುವೆ ಯಾವ ಮೆಟ್ಟಿಲೂ ಇಲ್ಲ. ವೈದ್ಯರು ಚೀಟಿಯಲ್ಲಿ ‘ಲೈಟ್ ಡ್ಯೂಟಿ’ ಎಂದು ಬರೆದರೂ ಶಾಖಾ ಕಚೇರಿಯ ಹಣದ ಲೆಕ್ಕದಲ್ಲಿ ಅದಕ್ಕೊಂದು ಕಾಲಂ ಇಲ್ಲ.

ಆದರೆ ಇದೇ ಕಾಯ್ದೆಯಲ್ಲಿ ಕಾರ್ಮಿಕರು ತಿಳಿದಿರಲೇಬೇಕಾದ, ಮತ್ತು ನನ್ನ ಅನುಭವದಲ್ಲಿ ಅನೇಕ ಮೇಲ್ವಿಚಾರಕರಿಗೂ ತಿಳಿಯದ, ಇನ್ನೊಂದು ಮಾತಿದೆ. ತಾತ್ಕಾಲಿಕ ಅಂಗವಿಕಲತೆ ಎಂದರೇನು ಎಂದು ವಿವರಿಸುವಾಗ 2ನೇ ಕಲಮಿನ 21ನೇ ಉಪಕಲಂ, ಚಿಕಿತ್ಸೆ ಬೇಕಾಗಿರುವ ಮತ್ತು ಗಾಯದ ವೇಳೆಯಲ್ಲೋ ಅದಕ್ಕೂ ಮುಂಚೆಯೋ ಆತ ಮಾಡುತ್ತಿದ್ದ ಕೆಲಸವನ್ನು ಸದ್ಯಕ್ಕೆ ಮಾಡಲಾಗದಂತೆ ಮಾಡಿರುವ ಸ್ಥಿತಿ ಎನ್ನುತ್ತದೆ. ಯಾವ ಕೆಲಸವನ್ನೂ ಮಾಡಲಾಗದ ಸ್ಥಿತಿ ಎನ್ನುವುದಿಲ್ಲ. ಪ್ರೆಸ್ ಆಪರೇಟರ್‌ಗೆ ಮೇಜಿನ ಮುಂದೆ ಕೂತು ಬುಷ್ ಎಣಿಸಲು ಬರುತ್ತದೆ ಎಂಬ ಮಾತ್ರಕ್ಕೆ ಆತನ ಟಿಡಿಬಿ ಹಕ್ಕು ಹೋಗುವುದಿಲ್ಲ. ಪ್ರೆಸ್ ಓಡಿಸಲು ಆಗುತ್ತದೆಯೇ ಎಂಬುದೇ ಪ್ರಶ್ನೆ. ಹಾಗಾಗಿ ಚಿಕಿತ್ಸೆ ನಡೆಯುತ್ತಿರುವಾಗ, ವೈದ್ಯರು ಕೆಲಸಕ್ಕೆ ಯೋಗ್ಯನೆಂಬ ಫೈನಲ್ ಸರ್ಟಿಫಿಕೇಟ್ ಕೊಡದೆ ಇರುವಾಗ, ಕಂಪನಿಯವರು ಲೈಟ್ ಡ್ಯೂಟಿಗೆ ಕರೆದರೆ ಒಪ್ಪುವುದೂ ಬಿಡುವುದೂ ಕಾರ್ಮಿಕನಿಗೆ ಬಿಟ್ಟದ್ದು. ಒಪ್ಪದೆ ಮನೆಯಲ್ಲಿದ್ದು ಶೇಕಡಾ 90 ಪಡೆಯುವುದು ಸೋಮಾರಿತನವೂ ಅಲ್ಲ, ಮೋಸವೂ ಅಲ್ಲ. ಕಾಯ್ದೆಯೇ ಕೊಟ್ಟ ಹಕ್ಕು ಅದು. ಟಿಡಿಬಿ ಪಡೆಯುತ್ತಿರುವ ಅವಧಿಯಲ್ಲಿ ಆತನನ್ನು ಕೆಲಸದಿಂದ ತೆಗೆಯುವುದನ್ನಾಗಲಿ, ಹಿಂಬಡ್ತಿ ಕೊಡುವುದನ್ನಾಗಲಿ, ಬೇರೆ ರೀತಿ ಶಿಕ್ಷಿಸುವುದನ್ನಾಗಲಿ 73ನೇ ಕಲಂ ನಿಷೇಧಿಸಿದೆ. ಗಮನಿಸಬೇಕಾದದ್ದೆಂದರೆ, ಈ ರಕ್ಷಣೆಯನ್ನು ಬರೆದಿರುವುದು ಸೌಲಭ್ಯ ಪಡೆಯುತ್ತಿರುವ ದಿನಗಳಿಗೆ ಮತ್ತು ಪ್ರಮಾಣಪತ್ರ ಸಹಿತ ಗೈರುಹಾಜರಿಯ ದಿನಗಳಿಗೆ. ಲೈಟ್ ಡ್ಯೂಟಿಗೆ ಬಂದು ಹಾಜರಿ ಹಾಕಿದವನಿಗೆ ಅದರ ನೆರಳು ಅಷ್ಟು ಸ್ಪಷ್ಟವಾಗಿ ಬೀಳುವುದಿಲ್ಲ. ಹಣದಲ್ಲಿಯೂ ರಕ್ಷಣೆಯಲ್ಲಿಯೂ ಒಟ್ಟಿಗೇ ನಷ್ಟ.

ಕಂಪನಿಗಳು ಲೈಟ್ ಡ್ಯೂಟಿಗೆ ಇಷ್ಟು ಆತುರದಿಂದ ಕರೆಯುವುದೇಕೆ? ಒಳ್ಳೆಯ ಉದ್ದೇಶದಿಂದ ಕರೆಯುವವರೂ ಇದ್ದಾರೆ. ಕೆಲಸದ ಅಭ್ಯಾಸ ತಪ್ಪಬಾರದು, ಕೈ ಚಲನೆಯಲ್ಲಿದ್ದರೆ ಬೇಗ ಸರಿಹೋಗುತ್ತದೆ ಎಂಬ ಮಾತಿನಲ್ಲಿ ಸತ್ಯವಿದೆ. ಆದರೆ ಇನ್ನೊಂದು ಕಾರಣವೂ ಇದೆ ಮತ್ತು ಅದನ್ನು ನೇರವಾಗಿ ಹೇಳಬೇಕು. ಗಾಯದ ನಂತರ 48 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಕಾಲ ಕೆಲಸ ಮಾಡಲಾಗದಿದ್ದರೆ ಆ ಅಪಘಾತವನ್ನು ಕಾರ್ಖಾನೆಗಳ ಇಲಾಖೆಗೆ ವರದಿ ಮಾಡಬೇಕೆಂದು 1948ರ ಕಾರ್ಖಾನೆಗಳ ಕಾಯ್ದೆಯ 88ನೇ ಕಲಂ ಹೇಳಿತ್ತು. ವರದಿಯಾದರೆ ತಪಾಸಣೆ, ಯಂತ್ರಕ್ಕೆ ಗಾರ್ಡ್ ಇತ್ತೇ ಎಂಬ ಪ್ರಶ್ನೆ, ಗೇಟಿನ ಬಳಿಯ ‘ಅಪಘಾತರಹಿತ ದಿನಗಳು’ ಫಲಕದ ಅಂಕಿ ಮತ್ತೆ ಸೊನ್ನೆಗೆ. ಇದನ್ನು ತಪ್ಪಿಸಲು ಬ್ಯಾಂಡೇಜ್ ಕಟ್ಟಿದ ಕೈಯೊಂದಿಗೇ ಮರುದಿನ ಕರೆಸಿ, ಸ್ಟೋರ್ಸ್‌ನಲ್ಲೋ ಕ್ಯಾಂಟೀನಿನ ಪಕ್ಕದ ಬೆಂಚಿನ ಮೇಲೋ ಕೂರಿಸಿ, ಹಾಜರಿ ಹಾಕಿಸಿಕೊಳ್ಳುವುದು ಈ ಪ್ರದೇಶದಲ್ಲಿ ನಾನು ಕಂಡಿರುವ ಪದ್ಧತಿ. ಹೀಗೆ ಹಾಜರಿ ಬಿದ್ದ ಕೂಡಲೇ ಇಎಸ್‌ಐನ ಮೂರು ದಿನದ ಲೆಕ್ಕವೂ ಮುರಿಯುತ್ತದೆ, ನಮೂನೆ 12 ಹೋಗುವುದೂ ನಿಲ್ಲುತ್ತದೆ. ಗುತ್ತಿಗೆ ಕಾರ್ಮಿಕರ ವಿಷಯದಲ್ಲಿ ಇದು ಇನ್ನೂ ಸುಲಭ, ಏಕೆಂದರೆ ಮುಖ್ಯ ಮಾಲೀಕರು ಗುತ್ತಿಗೆದಾರನತ್ತ ಕೈ ತೋರಿಸುತ್ತಾರೆ, ಗುತ್ತಿಗೆದಾರ ಆಸ್ಪತ್ರೆಯ ಬಿಲ್ಲನ್ನು ಜೇಬಿನಿಂದ ಕೊಟ್ಟು ಬಾಯಿ ಮುಚ್ಚಿಸುತ್ತಾನೆ. ಆದರೆ ಗುತ್ತಿಗೆ ಕಾರ್ಮಿಕರ ವಂತಿಗೆಯನ್ನೂ ಮೊದಲು ಕಟ್ಟುವ ಹೊಣೆ ಮುಖ್ಯ ಮಾಲೀಕರದೇ ಎಂದು ಇಎಸ್‌ಐ ಕಾಯ್ದೆಯ 40ನೇ ಕಲಂ ಹೇಳುತ್ತದೆ. ಗಾಯಾಳು ಮನೆಗೆ ಹೋಗಲಿ, ಲೈಟ್ ಡ್ಯೂಟಿಗೆ ಬರಲಿ, ಅಪಘಾತ ಪುಸ್ತಕದಲ್ಲಿ ದಾಖಲೆ ಮತ್ತು ನಮೂನೆ 12 ಇಲ್ಲದೆ ಯಾರೂ ಸುಮ್ಮನಾಗಬಾರದು.

ಶೇಕಡಾ 90 ಎಂಬ ಅಂಕಿಯಲ್ಲಿಯೂ ಒಂದು ಒಳಗುಟ್ಟಿದೆ. ಜನವರಿಯಿಂದ ಜೂನ್‌ವರೆಗೆ ಗಾಯಗೊಂಡವರಿಗೆ ಲೆಕ್ಕ ಹಾಕುವುದು ಹಿಂದಿನ ವರ್ಷದ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ಸಂಬಳದ ಮೇಲೆ. ಜುಲೈಯಿಂದ ಡಿಸೆಂಬರ್‌ವರೆಗೆ ಗಾಯಗೊಂಡವರಿಗೆ ಅದರ ಹಿಂದಿನ ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನದರ ಮೇಲೆ. ಕರ್ನಾಟಕದಲ್ಲಿ ಕನಿಷ್ಠ ವೇತನದ ತುಟ್ಟಿಭತ್ಯೆ ಪ್ರತಿ ವರ್ಷ ಏಪ್ರಿಲ್ 1ರಂದು ಪರಿಷ್ಕರಣೆಯಾಗುತ್ತದೆ. ಮೇ ತಿಂಗಳಲ್ಲಿ ಗಾಯಗೊಂಡವನಿಗೆ ಆ ಏಪ್ರಿಲ್‌ನ ಹೆಚ್ಚಳವೂ, ಅದೇ ತಿಂಗಳು ಸಿಕ್ಕಿರಬಹುದಾದ ಇನ್‌ಕ್ರಿಮೆಂಟೂ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಇಂದಿನ ಸಂಬಳಕ್ಕೆ ಹೋಲಿಸಿದರೆ ಶೇಕಡಾ 90 ಎಂಬುದು ಎಷ್ಟೋ ಸಲ ಅದಕ್ಕಿಂತ ಕಡಿಮೆ. ಇದು ದೊಡ್ಡ ದೋಷವಲ್ಲ, ಆದರೆ ಲೈಟ್ ಡ್ಯೂಟಿ ಸಂಬಳ ಮತ್ತು ಟಿಡಿಬಿ ಎರಡರಲ್ಲಿ ಯಾವುದು ಹೆಚ್ಚು ಎಂದು ತೂಗಿ ನೋಡುವವರು ಶಾಖಾ ಕಚೇರಿಯಲ್ಲಿ ತಮ್ಮ ದಿನದ ದರ ಎಷ್ಟೆಂದು ಮೊದಲೇ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.

ನನಗೆ ಅತ್ಯಂತ ಅಚ್ಚರಿ ತಂದ ಸಂಗತಿಯೆಂದರೆ, ಇಎಸ್‌ಐ ಹುಟ್ಟುವುದಕ್ಕೂ ಇಪ್ಪತ್ತೈದು ವರ್ಷ ಮುಂಚಿನ 1923ರ ಕಾರ್ಮಿಕರ ಪರಿಹಾರ ಕಾಯ್ದೆಯು ಲೈಟ್ ಡ್ಯೂಟಿಯ ಪ್ರಶ್ನೆಯನ್ನು ಯೋಚಿಸಿತ್ತು ಎಂಬುದು. ಇಎಸ್‌ಐ ವ್ಯಾಪ್ತಿಗೆ ಬಾರದ ಕಾರ್ಮಿಕರಿಗೆ ಅನ್ವಯಿಸುವ ಆ ಕಾಯ್ದೆಯಲ್ಲಿ ತಾತ್ಕಾಲಿಕ ಅಶಕ್ತತೆಗೆ ಮಾಲೀಕರು ಪ್ರತಿ ಅರ್ಧ ತಿಂಗಳಿಗೆ ಮಾಸಿಕ ವೇತನದ ಶೇಕಡಾ 25ರಷ್ಟು ಕೊಡಬೇಕು. ಲೆಕ್ಕಕ್ಕೆ ಹಿಡಿಯುವ ವೇತನದ ಮಿತಿ 2020ರ ಜನವರಿಯಿಂದ 15,000 ರೂಪಾಯಿ. ಗರಿಷ್ಠ ಅವಧಿ ಐದು ವರ್ಷ. ಅಂದರೆ ತಿಂಗಳಿಗೆ ಹೆಚ್ಚೆಂದರೆ 7,500. ಇಎಸ್‌ಐಗೆ ಹೋಲಿಸಿದರೆ ಇದು ಬಡವಾದ ಪರಿಹಾರ. ಆದರೆ ಗಾಯದ ನಂತರ ಕಾರ್ಮಿಕ ಕಡಿಮೆ ಸಂಬಳಕ್ಕೆ ದುಡಿಯುತ್ತಿದ್ದರೆ ಹಣ ನಿಲ್ಲುವುದಿಲ್ಲ. ಹಿಂದಿನ ಮಾಸಿಕ ವೇತನದ ಅರ್ಧಕ್ಕೂ ಈಗ ಗಳಿಸುತ್ತಿರುವುದರ ಅರ್ಧಕ್ಕೂ ಇರುವ ವ್ಯತ್ಯಾಸವನ್ನು ಮೀರಬಾರದು ಎಂದಷ್ಟೇ 4ನೇ ಕಲಂ ಹೇಳುತ್ತದೆ. ಮೊದಲು 15,000 ಗಳಿಸುತ್ತಿದ್ದವನು ಲೈಟ್ ಡ್ಯೂಟಿಯಲ್ಲಿ 12,000 ಗಳಿಸಿದರೆ ಅರ್ಧ ತಿಂಗಳಿಗೆ 1,500, ತಿಂಗಳಿಗೆ 3,000 ಪರಿಹಾರ ಬರಬೇಕು. ಅಲ್ಲಿಗೆ ನಷ್ಟ ತುಂಬಿತು. ಹೆಚ್ಚು ಉದಾರವಾದ ಇಎಸ್‌ಐಗೆ ಈ ವಿವೇಕ ಏಕೆ ಬರಲಿಲ್ಲ ಎಂದು ನಾನು ಎಷ್ಟೋ ಬಾರಿ ಯೋಚಿಸಿದ್ದೇನೆ. ಇಎಸ್‌ಐನಲ್ಲಿರುವವರು ಮಾಲೀಕರಿಂದ ಈ ಪರಿಹಾರ ಕೇಳಲೂ ಆಗದು; ಇಎಸ್‌ಐ ಕಾಯ್ದೆಯ 53ನೇ ಕಲಂ ಆ ಬಾಗಿಲನ್ನು ಮುಚ್ಚಿದೆ.

ಬೇರೆ ದೇಶಗಳಲ್ಲಿ ಇದು ಮಾಮೂಲಿ ವ್ಯವಸ್ಥೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಗಾಯಾಳು ಕಡಿಮೆ ಸಂಬಳದ ಹಗುರ ಕೆಲಸಕ್ಕೆ ಮರಳಿದರೆ ಹಳೆಯ ಮತ್ತು ಹೊಸ ಗಳಿಕೆಯ ವ್ಯತ್ಯಾಸದ ಮೂರರಲ್ಲಿ ಎರಡು ಭಾಗ, ನಿಗದಿತ ಮಿತಿಗೆ ಒಳಪಟ್ಟು, ವಿಮೆಯಿಂದ ಬರುತ್ತದೆ. ಕೆನಡಾದ ಒಂಟಾರಿಯೊದಲ್ಲಿ ತೆರಿಗೆ ಕಳೆದ ಗಳಿಕೆಯ ನಷ್ಟದ ಶೇಕಡಾ 85. ಅಲ್ಲಿನ ವ್ಯವಸ್ಥೆಗಳಿಗೂ ಅವುಗಳದೇ ಜಗಳಗಳಿವೆ, ಆದರೆ ಅರ್ಧ ಮಾಗಿದ ಮನುಷ್ಯನೊಬ್ಬ ಇದ್ದಾನೆ ಎಂಬುದನ್ನು ಅವು ಒಪ್ಪಿಕೊಂಡಿವೆ. ನಮ್ಮಲ್ಲಿಯೂ ಸರ್ಕಾರಿ ಸಂಸ್ಥೆಗಳ ನೌಕರರಿಗೆ ಇದಕ್ಕಿಂತ ಭದ್ರವಾದ ನೆಲೆಯಿದೆ: ಸೇವೆಯಲ್ಲಿರುವಾಗ ಅಂಗವಿಕಲತೆಗೆ ಒಳಗಾದವರನ್ನು ಅದೇ ವೇತನಶ್ರೇಣಿಯ ಬೇರೆ ಹುದ್ದೆಗೆ ಬದಲಿಸಬೇಕೇ ಹೊರತು ತೆಗೆಯಬಾರದು ಎಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 20ನೇ ಕಲಂ ಹೇಳುತ್ತದೆ. ಪೀಣ್ಯದ, ಬೊಮ್ಮಸಂದ್ರದ, ಹುಬ್ಬಳ್ಳಿ ಗೋಕುಲ ರಸ್ತೆಯ ಖಾಸಗಿ ಘಟಕಗಳ ಕಾರ್ಮಿಕರಿಗೆ ಆ ಕಲಮಿನ ಆಸರೆ ಇಲ್ಲ.

2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದು, ಇಎಸ್‌ಐ ಕಾಯ್ದೆ ಮತ್ತು 1923ರ ಕಾಯ್ದೆ ಎರಡೂ ಅದರೊಳಗೆ ಸೇರಿವೆ. ಕಲಂಗಳ ಸಂಖ್ಯೆ ಬದಲಾಗಿದೆ. ಕಚೇರಿಗಳಲ್ಲಿ ಇನ್ನೂ ಹಳೆಯ ಸಂಖ್ಯೆಗಳೇ ಬಾಯಲ್ಲಿರುವುದರಿಂದ ನಾನು ಅವನ್ನೇ ಬಳಸಿದ್ದೇನೆ. ಎರಡು ಕಾಯ್ದೆಗಳನ್ನು ಒಂದೇ ಪುಸ್ತಕದೊಳಗೆ ತಂದ ಈ ಸಂದರ್ಭದಲ್ಲಿ, ಹಳೆಯ ಕಾಯ್ದೆಯ ವ್ಯತ್ಯಾಸ ತುಂಬುವ ನಿಯಮವನ್ನು ಇಎಸ್‌ಐ ಅಧ್ಯಾಯಕ್ಕೂ ತರಬಹುದಿತ್ತು. ತರಲಿಲ್ಲ. ಲೈಟ್ ಡ್ಯೂಟಿಯ ದಿನಗಳಿಗೆಂದು ಇಎಸ್‌ಐನಿಂದ ಯಾವ ಹೊಸ ಹಣವೂ ಬಂದಿಲ್ಲ. ಹೊಸ ಕಾನೂನನ್ನು ಓದುವಾಗ ನಾನು ಮೊದಲು ಹುಡುಕಿದ್ದು ಇದನ್ನೇ, ಆದ್ದರಿಂದ ನಿರಾಸೆಯೂ ದೊಡ್ಡದಾಗಿತ್ತು.

ಈ ವ್ಯವಸ್ಥೆ ಸದ್ಯಕ್ಕೆ ಹೀಗೆಯೇ ಇರುವುದರಿಂದ, ಇದನ್ನು ಬಳಸುವವರಿಗೆ ನಾನು ಹೇಳುವುದು ಇಷ್ಟು. ಹಳೆಯ ಕೆಲಸ ಮಾಡಲು ನಿಜವಾಗಿ ಆಗುವವರೆಗೆ ಫೈನಲ್ ಸರ್ಟಿಫಿಕೇಟ್‌ಗೆ ಆತುರಪಡಬೇಡಿ. ನೀವು ಮಾಡುತ್ತಿದ್ದ ಕೆಲಸ ಏನೆಂದು ಡಿಸ್ಪೆನ್ಸರಿಯ ವೈದ್ಯರಿಗೆ ಬಿಡಿಸಿ ಹೇಳಿ. ‘ಕಾರ್ಖಾನೆ ಕೆಲಸ’ ಎಂದಷ್ಟೇ ಹೇಳಿದರೆ ಅವರಿಗೆ ತಿಳಿಯುವುದಿಲ್ಲ. ಪಾಳಿಯೊಂದಕ್ಕೆ ಎಷ್ಟು ಸಲ ಕೈ ಡೈನೊಳಗೆ ಹೋಗಿ ಬರಬೇಕು, ಎಷ್ಟು ಕೆಜಿ ಎತ್ತಬೇಕು, ನಿಂತು ಮಾಡುವುದೋ ಕೂತು ಮಾಡುವುದೋ ಎಂದು ಹೇಳಬೇಕು. ಲೈಟ್ ಡ್ಯೂಟಿ ಒಪ್ಪುವುದಾದರೆ, ಯಾವ ಕೆಲಸ, ಎಲ್ಲಿಯವರೆಗೆ, ಯಾವ ಸಂಬಳ ಎಂಬುದನ್ನು ಕಂಪನಿಯಿಂದ ಬರಹದಲ್ಲಿ ಪಡೆಯಿರಿ. ಗಾಯಕ್ಕೆ ಮುಂಚಿನ ಮೂರು ತಿಂಗಳ ಸರಾಸರಿ ಪ್ರೋತ್ಸಾಹಧನವನ್ನು ಲೈಟ್ ಡ್ಯೂಟಿಯಲ್ಲಿಯೂ ಕೊಡಬೇಕೆಂದು ಒಪ್ಪಂದ ಮಾಡಿಕೊಂಡ ಕಾರ್ಮಿಕ ಸಂಘವೊಂದನ್ನು ನಾನು ಬಲ್ಲೆ. ಆಡಳಿತ ವರ್ಗ ಅದನ್ನು ಒಪ್ಪಿದ್ದಕ್ಕೆ ಕಾರಣ, ನುರಿತ ಕೈಗಳು ಬೇಸತ್ತು ಬಿಟ್ಟುಹೋಗುವುದು ಅವರಿಗೂ ನಷ್ಟವೇ ಎಂಬುದು. ನಮ್ಮ ಘಟಕದಲ್ಲಿ ಅಂಥ ಒಪ್ಪಂದ ತರಿಸಲು ಪ್ರಯತ್ನ ನಡೆಸಿದ್ದೇನೆ. ಲೈಟ್ ಡ್ಯೂಟಿಗೆ ಬಂದ ಮೇಲೆ ಕೈ ಮತ್ತೆ ಊದಿಕೊಂಡರೆ ಸಹಿಸಿಕೊಂಡು ಕೂರುವ ಅಗತ್ಯವಿಲ್ಲ; ಅದೇ ಗಾಯದ ಮರುಕಳಿಕೆ ಎಂದು ವೈದ್ಯರಿಂದ ಹೊಸ ಪ್ರಮಾಣಪತ್ರ ಪಡೆದು ಟಿಡಿಬಿ ಕೇಳಬಹುದು.

ಕೊನೆಯದಾಗಿ, ಅನೇಕರು ಕೇಳದೆ ಬಿಟ್ಟುಬಿಡುವ ಹಣದ ಮಾತು. ಟಿಡಿಬಿ ಮುಗಿದ ಮೇಲೂ ಅಂಗದಲ್ಲಿ ಶಾಶ್ವತ ನಷ್ಟ ಉಳಿದಿದ್ದರೆ ವೈದ್ಯಕೀಯ ಮಂಡಳಿಯ ಮುಂದೆ ಹೋಗಬೇಕು; ಅದು ಗಳಿಕೆ ಸಾಮರ್ಥ್ಯದ ನಷ್ಟವನ್ನು ಶೇಕಡಾವಾರು ನಿರ್ಧರಿಸುತ್ತದೆ. ಕಾಯ್ದೆಯ ಅನುಸೂಚಿಯ ಪ್ರಕಾರ ಇಡೀ ಹೆಬ್ಬೆರಳಿಗೆ ಶೇಕಡಾ 30, ಇಡೀ ತೋರುಬೆರಳಿಗೆ 14, ತೋರುಬೆರಳಿನ ಒಂದು ಗೆಣ್ಣಿಗೆ 9, ಮೂಳೆ ಹೋಗದೆ ತುದಿ ಮಾತ್ರ ಹೋದರೆ 5. ನಮ್ಮ ಪ್ರೆಸ್ ಆಪರೇಟರ್‌ಗೆ ಒಂದು ಗೆಣ್ಣು ಹೋಗಿದ್ದರಿಂದ ಶೇಕಡಾ 9. ದಿನಕ್ಕೆ 576ರ ಶೇಕಡಾ 9 ಎಂದರೆ ಸುಮಾರು 52 ರೂಪಾಯಿ, ತಿಂಗಳಿಗೆ 1,550 ರೂಪಾಯಿಯ ಆಸುಪಾಸು. ಈ ಹಣ ಜೀವನಪರ್ಯಂತ ಬರುತ್ತದೆ, ಮತ್ತು ಕೆಲಸ ಮಾಡಿ ಸಂಬಳ ಪಡೆಯುತ್ತಿದ್ದರೂ ನಿಲ್ಲುವುದಿಲ್ಲ. ಗಾಯಾಳು ದುಡಿಯುವ ದಿನವೂ ಇಎಸ್‌ಐ ಆತನ ಕೈಗೆ ಹಣ ಹಾಕುವುದು ಈ ಒಂದು ಸೌಲಭ್ಯದಲ್ಲಿ ಮಾತ್ರ. ಅದಕ್ಕೆ ಆಧಾರ ಅಪಘಾತದ ದಿನ ಸಲ್ಲಿಸಿದ ಅದೇ ನಮೂನೆ 12. ಅದಿಲ್ಲದೆ ಲೈಟ್ ಡ್ಯೂಟಿಗೆ ಸದ್ದಿಲ್ಲದೆ ಸೇರಿಕೊಂಡವರಿಗೆ, ವರ್ಷ ಕಳೆದ ಮೇಲೆ ಬೆರಳು ಯಂತ್ರದಲ್ಲೇ ಹೋಯಿತೆಂದು ಸಾಬೀತುಪಡಿಸುವುದು ಕಷ್ಟ. ಮಂಡಳಿ ಕೊಟ್ಟ ಶೇಕಡಾವಾರು ಕಡಿಮೆ ಎನಿಸಿದರೆ ಮೂರು ತಿಂಗಳೊಳಗೆ ವೈದ್ಯಕೀಯ ಮೇಲ್ಮನವಿ ನ್ಯಾಯಮಂಡಳಿಗೆ, ಅಥವಾ ನೇರವಾಗಿ ನೌಕರರ ವಿಮಾ ನ್ಯಾಯಾಲಯಕ್ಕೆ ಹೋಗಬಹುದು. ಮಂಡಳಿಯ ಆದೇಶ ಕೈಗೆ ಬಂದ ದಿನಾಂಕವನ್ನು ಆ ಕಾಗದದ ಮೇಲೆಯೇ ಬರೆದಿಟ್ಟುಕೊಳ್ಳಿ.